ಪಾರ್ಕಿಂಗ್ ನೋಟೀಸನ್ನು ಕುರಿತು: ಇಂಗ್ಲೆಂಡ್ ಮತ್ತು ವೇಲ್ಸಿನ ಕನ್ನಡಿಗರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಬಂಧುಗಳೆ,

ಎರಡು ಗಂಟೆಗೆಂದು ಹಣವನ್ನು ತೆತ್ತು ಟಿಕೆಟ್ಟನ್ನು ಪಡೆದು, ಆಸ್ಪತ್ರೆಯಲ್ಲಿ ಸರದಿಯು ತಡವಾದದ್ದರಿಂದಲೋ, ಊರಿನಿಂದ ಬಂದಿರುವ ತಾಯಿಯವರ ಮೊಣಕಾಲಿನ ನೋವು ಹೆಚ್ಚಿ ನಡಿಗೆಯು ನಿಧಾನವಾದದ್ದರಿಂದಲೋ, ಕಾಲು ಗಂಟೆ ಮೀರಿ ವಾಹನದ ಬಳಿಗೆ ಮರಳಿದ ಸದ್ಗೃಹಸ್ಥನಿಗೆ, ವಾರವೊಂದು ಕಳೆಯುವಷ್ಟರಲ್ಲಿ, 100 ಪೌಂಡುಗಳನ್ನು ಕೇಳುವ, ವಾಹನದ ಛಾಯಾಚಿತ್ರ ಸಹಿತವಾದ ಕಾಗದವೊಂದು ಅಂಚೆಯಲ್ಲಿ ಬಂದು ಬೀಳುತ್ತದೆ. ಅದನ್ನು ಕೈಯಲ್ಲಿ ಹಿಡಿದು ನಿಂತವರಿಗೆ ನಮ್ಮ ಸಮಾಜದಲ್ಲಿ ದೊರೆಯುವ ಉಪದೇಶವು ಎರಡೇ ಬಗೆಯದು. ಮರುಮಾತಾಡದೆ ಈ ಸಾಯಂಕಾಲವೇ ಕಟ್ಟಿಬಿಡಿ, ವೀಸಾಕ್ಕೆ ತೊಡಕು ಬಂದೀತು, ಎಂಬುದು ಈಚೆಗೆ ಬಂದವರ ಮತ. ಕಸದ ಬುಟ್ಟಿಗೆ ಹಾಕಿ ನೆಮ್ಮದಿಯಾಗಿರಿ, ಅವರೇನೂ ಮಾಡಲಾರರು, ಎಂಬುದು ಇಪ್ಪತ್ತು ಮೂವತ್ತು ವರ್ಷಗಳಿಂದ ಇಲ್ಲಿ ಬಾಳಿದ ಹಿರಿಯರ ಮತ. ಎರಡೂ ಸದ್ಭಾವದಿಂದ ಹೊರಟ ಮಾತುಗಳೇ ಆದರೂ ಎರಡೂ ತಪ್ಪೆಂದೂ, ಆ ಕಾಗದವು ಓದಿ ಉತ್ತರ ಬರೆಯಬೇಕಾದ ಕಾಗದವೆಂದೂ ತಮ್ಮಲ್ಲಿ ವಿಜ್ಞಾಪಿಸಿಕೊಳ್ಳುವುದಕ್ಕಾಗಿ ಈ ಪತ್ರವನ್ನು ಬರೆಯುತ್ತಿದ್ದೇನೆ.

ಮೊಟ್ಟಮೊದಲು, ಕಾಗದವನ್ನು ಕಳುಹಿಸಿದವರು ಯಾರೆಂಬುದನ್ನು ನೋಡತಕ್ಕದ್ದು. ತಲೆಬರಹದಲ್ಲಿ ಕೌನ್ಸಿಲ್ಲಿನ ಹೆಸರಿದ್ದರೆ ಅದು 2004ರ ಸಂಚಾರ ಶಾಸನದ ಬಲದಿಂದ ಹೊರಟದ್ದು. ಅದರ ಕ್ರಮವೇ ಬೇರೆ, ಅದರ ಅಪೀಲಿನ ಪೀಠವೇ ಬೇರೆ. ಅದನ್ನು ಉಪೇಕ್ಷಿಸಿದವರು ವಿಚಾರಣೆಯ ಮುಖವನ್ನೇ ಕಾಣದೆ ಜಪ್ತಿಯವರನ್ನು ಬಾಗಿಲಲ್ಲಿ ಕಾಣಬೇಕಾದೀತು. ಅಲ್ಲಿ ಕಾಣುವುದು ಕಂಪನಿಯೊಂದರ ಹೆಸರಾದರೆ, ಸೂಪರ್ ಮಾರ್ಕೆಟ್ಟು, ಆಸ್ಪತ್ರೆ, ಜಿಮ್, ಹೋಟೆಲು ಮೊದಲಾದವುಗಳ ಕಾರ್ ಪಾರ್ಕನ್ನು ವಹಿಸಿಕೊಂಡಿರುವ ಖಾಸಗಿಯವರು ಬರೆದ ಪತ್ರವೆಂದು ತಿಳಿಯತಕ್ಕದ್ದು. ಅದು ಪ್ರಭುತ್ವವು ವಿಧಿಸಿದ ದಂಡವಲ್ಲ. ಪ್ರವೇಶದ್ವಾರದಲ್ಲಿ ನೆಟ್ಟ ಫಲಕವೇ ಕಂಪನಿಯ ಪ್ರಸ್ತಾಪವೆಂದೂ, ಅದರ ಮುಂದೆ ವಾಹನವನ್ನು ನಿಲ್ಲಿಸಿದ್ದೇ ತಮ್ಮ ಸಮ್ಮತಿಯೆಂದೂ ಭಾವಿಸಿ, ಆ ಕರಾರನ್ನು ಮೀರಿದ್ದಕ್ಕೆ ಇಷ್ಟು ಹಣ ಬರಬೇಕೆಂದು ಒಬ್ಬ ಪ್ರಜೆಯು ಇನ್ನೊಬ್ಬ ಪ್ರಜೆಯನ್ನು ಕೇಳುವ ಕೇಳಿಕೆ ಮಾತ್ರ. ಇದರಲ್ಲಿ ಅಪರಾಧವಿಲ್ಲ, ಪೊಲೀಸರಿಲ್ಲ, ಲೈಸೆನ್ಸಿನ ಮೇಲೆ ಬೀಳುವ ಪಾಯಿಂಟುಗಳಿಲ್ಲ. ಕೇಳುವವನಿಗೆ ಕೇಳುವ ಹಕ್ಕು ಇರುವಂತೆಯೇ ಕೇಳಿಸಿಕೊಂಡವನಿಗೆ ಲೆಕ್ಕವನ್ನು ತೋರಿಸೆನ್ನುವ ಹಕ್ಕೂ ಉಂಟು.

ಹಿರಿಯರ ಮತವು ಹೇಗೆ ಹುಟ್ಟಿತೆಂಬುದನ್ನು ತಿಳಿದರೆ ಅದರ ಮೇಲಿನ ಗೌರವ ಕುಂದದೆ ಅದನ್ನು ಬಿಡಲು ಸಾಧ್ಯವಾದೀತು. ಒಂದು ಕಾಲದಲ್ಲಿ ಖಾಸಗಿ ನೆಲದಲ್ಲಿ ಅವಧಿ ಮೀರಿ ನಿಂತ ವಾಹನದ ಚಕ್ರಕ್ಕೆ ಕಬ್ಬಿಣದ ಬಂಧನವನ್ನು ತೊಡಿಸಿ, ಹಣವನ್ನು ಎಣಿಸುವವರೆಗೆ ಬಿಡದಿರುವ ಪದ್ಧತಿಯಿದ್ದಿತು. ಆ ಕ್ಲಾಂಪಿನ ಹಾವಳಿಯನ್ನು ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ 2012ರ ಸ್ವಾತಂತ್ರ್ಯ ಸಂರಕ್ಷಣಾ ಶಾಸನವು ಆ ವರ್ಷದ ಅಕ್ಟೋಬರ್ 1ರಿಂದ ನಿಲ್ಲಿಸಿತು. ಆದರೆ ಒಂದು ಕೈಯಿಂದ ಕಿತ್ತುಕೊಂಡದ್ದಕ್ಕೆ ಪ್ರತಿಯಾಗಿ ಶಾಸನವು ಇನ್ನೊಂದು ಕೈಯಿಂದ ಕೊಟ್ಟದ್ದೂ ಉಂಟು. ಅದಕ್ಕೆ ಮೊದಲು, ಕರಾರು ಮಾಡಿಕೊಂಡವನು ಚಾಲಕನಾದ್ದರಿಂದ, ಚಾಲಕನು ಯಾರೆಂದು ಕಂಪನಿಗೆ ತಿಳಿಯದಿದ್ದರೆ ಕಾಗದವು ಗುರಿಯಿಲ್ಲದ ಬಾಣವಾಗಿಯೇ ಉಳಿಯುತ್ತಿತ್ತು; ಆ ದಿನಗಳಲ್ಲಿ ಬುಟ್ಟಿಯ ಉಪದೇಶವು ವ್ಯವಹಾರಜ್ಞಾನವೇ ಆಗಿತ್ತು. ಆ ಶಾಸನದ ನಾಲ್ಕನೆಯ ಅನುಬಂಧವು, ಕೆಲವು ನಿಬಂಧನೆಗಳನ್ನು ಕಂಪನಿಯು ಅಕ್ಷರಶಃ ಪಾಲಿಸಿದ ಪಕ್ಷದಲ್ಲಿ, ಯಾರ ಹೆಸರಿನಲ್ಲಿ ವಾಹನವು ನೋಂದಣಿಯಾಗಿದೆಯೋ ಅವರಿಂದಲೇ ಹಣವನ್ನು ವಸೂಲು ಮಾಡಲು ಅವಕಾಶವಿತ್ತಿತು. ಆ ಹೆಸರನ್ನು ಸ್ವಾನ್ಸಿಯಲ್ಲಿರುವ ವಾಹನ ನೋಂದಣಿಯ ಕಚೇರಿಯು ಒಂದಕ್ಕೆ 2 ಪೌಂಡು 50 ಪೆನ್ಸಿನಂತೆ ಕಂಪನಿಗಳಿಗೆ ಒದಗಿಸುತ್ತದೆ. ಹೀಗೆ ಒದಗಿಸುವ ಹೆಸರುಗಳು ಈಚಿನ ವರ್ಷಗಳಲ್ಲಿ ವರ್ಷಕ್ಕೆ ಒಂದು ಕೋಟಿಯನ್ನು ಮೀರಿವೆ. ಸರಕಾರವು ನಮ್ಮ ವಿಳಾಸವನ್ನು ಅಷ್ಟು ಅಗ್ಗವಾಗಿ ಮಾರಬೇಕೆ ಎಂಬ ಪ್ರಶ್ನೆಯನ್ನು ನಾನು ಇಲ್ಲಿ ಎತ್ತುವುದಿಲ್ಲ. ಎತ್ತಿದರೆ ಈ ಪತ್ರವು ಮುಗಿಯದು.

ಲಂಡನ್ನಿನಲ್ಲಿ, ಥೇಮ್ಸ್ ನದಿಯ ದಡದಲ್ಲಿ, ಪಾರ್ಲಿಮೆಂಟಿಗೆ ಎದುರಾಗಿ ಬಸವೇಶ್ವರರ ಪ್ರತಿಮೆಯು ಅನಾವರಣಗೊಂಡದ್ದು 2015ರ ನವೆಂಬರ್ 14ರಂದು. ಅದಕ್ಕೆ ಸರಿಯಾಗಿ ಹತ್ತು ದಿನಗಳ ಹಿಂದೆ, ನದಿಯ ಆಚೆಗೆ, ಪಾರ್ಲಿಮೆಂಟಿನ ಚೌಕದ ಅಂಚಿನಲ್ಲಿರುವ ಸುಪ್ರೀಮ್ ಕೋರ್ಟಿನಲ್ಲಿ ಒಂದು ತೀರ್ಪು ಹೊರಬಿದ್ದಿತು. ಮೊದಲನೆಯ ಸಂಗತಿಯನ್ನು ನಮ್ಮಲ್ಲಿ ಅರಿಯದವರಿಲ್ಲ. ಎರಡನೆಯದು ನೇರವಾಗಿ ನಮ್ಮ ಜೇಬಿಗೆ ಸಂಬಂಧಿಸಿದ್ದಾದರೂ ಬಹುಮಂದಿ ಅದನ್ನು ಕೇಳಿಯೇ ಇಲ್ಲ. ಆ ಮೊಕದ್ದಮೆಯ ಕಥೆ ಇಷ್ಟು: ಬ್ಯಾರಿ ಬೀವಿಸ್ ಎಂಬ, ಮೀನು ಮತ್ತು ಆಲೂಗಡ್ಡೆಯನ್ನು ಕರಿದು ಮಾರುವ ಅಂಗಡಿಯ ಯಜಮಾನರು, 2013ರ ಏಪ್ರಿಲಿನಲ್ಲಿ, ಚೆಲ್ಮ್ಸ್‌ಫರ್ಡಿನ ರಿವರ್‌ಸೈಡ್ ಎಂಬ ಅಂಗಡಿಗಳ ಸಮುಚ್ಚಯದಲ್ಲಿ ತಮ್ಮ ವಾಹನವನ್ನು ನಿಲ್ಲಿಸಿದರು. ಅಲ್ಲಿ ಎರಡು ಗಂಟೆಯ ನಿಲುಗಡೆಯು ಉಚಿತ. ಅವರು ಅದಕ್ಕಿಂತ 56 ನಿಮಿಷ ಹೆಚ್ಚಾಗಿ ನಿಂತರು. ಪಾರ್ಕಿಂಗ್‌ಐ ಎಂಬ ಕಂಪನಿಯು 85 ಪೌಂಡುಗಳನ್ನೂ, 14 ದಿನಗಳ ಒಳಗೆ ಕೊಟ್ಟರೆ 50 ಪೌಂಡುಗಳನ್ನೂ ಕೇಳಿತು. ಬೀವಿಸರು ಕೊಡಲೊಲ್ಲದೆ, ಒಂದೊಂದಾಗಿ ನ್ಯಾಯಾಲಯದ ಮೆಟ್ಟಿಲುಗಳನ್ನು ಹತ್ತಿ, ಕಡೆಗೆ ಏಳು ಮಂದಿ ನ್ಯಾಯಾಧೀಶರ ಪೀಠದ ಮುಂದೆ ಬಂದು ನಿಂತರು.

ಅವರ ವಾದವು ಹಳೆಯದೂ ಭದ್ರವೂ ಆಗಿತ್ತು. ಕರಾರು ಮುರಿದವನಿಂದ ಆದ ನಷ್ಟವನ್ನು ತುಂಬಿಸಿಕೊಳ್ಳಬಹುದೇ ಹೊರತು ಅವನನ್ನು ಹೆದರಿಸುವುದಕ್ಕಾಗಿ ದಂಡವನ್ನು ಹೇರಕೂಡದೆಂಬ ನಿಯಮವು, ಮೋಟಾರಿನ ಟೈರುಗಳನ್ನು ಕುರಿತ 1915ರ ಡನ್‌ಲಪ್ ಮೊಕದ್ದಮೆಯಿಂದ ಈಚೆಗೆ ಪ್ರಸಿದ್ಧವಾಗಿದ್ದಿತು. ಉಚಿತವಾದ ನೆಲದಲ್ಲಿ ಒಂದು ಗಂಟೆ ಹೆಚ್ಚಾಗಿ ನಿಂತದ್ದರಿಂದ ಕಂಪನಿಗೆ ಆದ ನಷ್ಟವಾದರೂ ಏನು? ನಷ್ಟವಿಲ್ಲವೆಂಬುದನ್ನು ಪೀಠವೂ ಒಪ್ಪಿತು. ಆದರೆ ನಷ್ಟವೊಂದೇ ಅಳತೆಗೋಲಲ್ಲ, ಕರಾರನ್ನು ಪಾಲಿಸುವಂತೆ ಮಾಡುವುದರಲ್ಲಿ ಹಕ್ಕುದಾರನಿಗೆ ನ್ಯಾಯವಾದ ಹಿತಾಸಕ್ತಿಯೊಂದು ಇದ್ದು, ಕೇಳಿದ ಮೊತ್ತವು ಅದಕ್ಕೆ ಮಿತಿಮೀರಿದ್ದಲ್ಲವಾದರೆ ಅದು ಊರ್ಜಿತವೆಂದು ಹೊಸ ನಿಯಮವನ್ನು ಹೇಳಿತು. ಅಂಗಡಿಗೆ ಬರುವ ಇತರರಿಗೆ ಸ್ಥಳವು ತೆರವಾಗುತ್ತಿರಬೇಕೆಂಬುದು ಆ ಹಿತಾಸಕ್ತಿ. ಫಲಕಗಳು ದೊಡ್ಡವಾಗಿಯೂ ಅನೇಕವಾಗಿಯೂ ಸ್ಪಷ್ಟವಾಗಿಯೂ ಇದ್ದವೆಂಬುದು ಅದಕ್ಕೆ ಊರುಗೋಲು. ಆ ನೆಲವನ್ನು ನೋಡಿಕೊಳ್ಳುವ ಭಾಗ್ಯಕ್ಕಾಗಿ ಕಂಪನಿಯೇ ನೆಲದ ಒಡೆಯನಿಗೆ ವಾರಕ್ಕೆ 1000 ಪೌಂಡುಗಳನ್ನು ತೆರುತ್ತಿತ್ತೆಂಬ ಸಂಗತಿಯೂ ವಿಚಾರಣೆಯಲ್ಲಿ ಹೊರಪಟ್ಟಿತು. ಈ ವ್ಯಾಪಾರದ ಲಾಭವು ಎಲ್ಲಿಂದ ಒಸರುತ್ತದೆಂಬುದಕ್ಕೆ ಇದಕ್ಕಿಂತ ನಿರ್ಮಲವಾದ ಸಾಕ್ಷ್ಯವನ್ನು ನಾನು ಕಂಡಿಲ್ಲ. ಆರು ಮಂದಿ ಕಂಪನಿಯ ಪರವಾಗಿ ನಿಂತರು. ಲಾರ್ಡ್ ಟೌಲ್ಸನ್ ಒಬ್ಬರೇ ಭಿನ್ನಮತವನ್ನು ಬರೆದು, ಮನುಷ್ಯನು ಬುದ್ಧಿಪೂರ್ವಕವಲ್ಲದೆ ಸ್ವಲ್ಪ ತಡವಾಗುವುದಕ್ಕೆ ನಾನಾ ಕಾರಣಗಳಿರಬಹುದೆಂದೂ, ಈ ಕರಾರಿನಲ್ಲಿ ಸಂದರ್ಭಕ್ಕಾಗಲಿ ಕ್ಷಮೆಯ ನಿಮಿಷಗಳಿಗಾಗಲಿ ಎಡೆಯೇ ಇಲ್ಲವೆಂದೂ, ಆದ್ದರಿಂದ ಗ್ರಾಹಕನ ದೃಷ್ಟಿಯಿಂದ ಅದು ಅನ್ಯಾಯವಾದ ಷರತ್ತೆಂದೂ ಅಭಿಪ್ರಾಯಪಟ್ಟರು. ಮನುಷ್ಯಸ್ವಭಾವವನ್ನು ಬಲ್ಲ ಮಾತು ಅವರದೆಂದು ನನಗೆ ತೋರುತ್ತದೆ. ಆದರೆ ನ್ಯಾಯಾಲಯದಲ್ಲಿ ನಡೆಯುವುದು ಬಹುಮತ. ಬೀವಿಸರ ಪ್ರಕರಣವು ಉಚಿತ ನಿಲುಗಡೆಯದು, ತಮ್ಮದು ಹಣ ಕೊಟ್ಟ ನಿಲುಗಡೆಯದು, ಎಂಬ ಭೇದವನ್ನು ವಾದದಲ್ಲಿ ಎತ್ತಬಹುದು. ಅದೊಂದನ್ನೇ ನೆಚ್ಚಿ ಕುಳಿತಿರಬಾರದು.

ಕ್ಷಮೆಯ ನಿಮಿಷಗಳು ಆ ಬಳಿಕ ಬೇರೆ ದಾರಿಯಿಂದ ಬಂದವು. ಸರಕಾರವೇ ಒಂದು ಸಂಹಿತೆಯನ್ನು ರಚಿಸತಕ್ಕದ್ದೆಂದು 2019ರಲ್ಲಿ ಶಾಸನವಾಯಿತು. ಸಂಹಿತೆಯು 2022ರ ಫೆಬ್ರವರಿಯಲ್ಲಿ ಪ್ರಕಟವಾಗಿ, ಕಂಪನಿಗಳು ನ್ಯಾಯಾಲಯಕ್ಕೆ ಹೋದದ್ದರಿಂದ ಅದೇ ವರ್ಷದ ಜೂನ್ ತಿಂಗಳಿನಲ್ಲಿ ಹಿಂದಕ್ಕೆ ಸರಿಯಿತು. ತೆರವಾದ ಸ್ಥಾನದಲ್ಲಿ ಈ ವ್ಯಾಪಾರದ ಎರಡು ಸಂಘಗಳು ತಾವೇ ಕೂಡಿ ಒಂದು ಸಂಹಿತೆಯನ್ನು ಬರೆದುಕೊಂಡು 2024ರ ಅಕ್ಟೋಬರಿನಿಂದ ಜಾರಿಗೆ ತಂದಿವೆ. ಆಡುವವರೇ ಬರೆದ ಆಟದ ನಿಯಮಗಳಾದರೂ ಅವು ನಮಗೆ ಉಪಯುಕ್ತವಾದವು, ಏಕೆಂದರೆ ಬರೆದವರೇ ಅವನ್ನು ನಿರಾಕರಿಸಲಾರರು. ಹಣ ಕೊಟ್ಟ ಅವಧಿಯು ಮುಗಿದ ಮೇಲೆ ಹತ್ತು ನಿಮಿಷಗಳ ಅವಕಾಶವನ್ನು ಕೊಡತಕ್ಕದ್ದು. ಕೇಳುವ ಮೊತ್ತವು ಸಾಮಾನ್ಯವಾಗಿ 100 ಪೌಂಡುಗಳನ್ನು ಮೀರಕೂಡದು. 14 ದಿನಗಳ ಒಳಗೆ ಕೊಡುವವರಿಗೆ ನೂರಕ್ಕೆ 40ರಷ್ಟು ಇಳಿಸತಕ್ಕದ್ದು: ಇವು ಅದರ ಮುಖ್ಯಾಂಶಗಳು.

ಈ ಹತ್ತು ನಿಮಿಷಗಳು ಎಷ್ಟು ಬೆಲೆಯುಳ್ಳವೆಂಬುದು ಕ್ಯಾಮೆರಾದ ಲೆಕ್ಕವನ್ನು ಅರಿತವರಿಗೆ ಮಾತ್ರ ಗೊತ್ತಾಗುತ್ತದೆ. ದ್ವಾರದ ಕ್ಯಾಮೆರಾವು ನೋಡುವುದು ವಾಹನವು ಒಳಹೊಕ್ಕ ಕ್ಷಣವನ್ನೂ ಹೊರಬಿದ್ದ ಕ್ಷಣವನ್ನೂ. ಅದು ನಿಂತಿದ್ದ ಕಾಲವನ್ನಲ್ಲ. ತಾವು 10 ಗಂಟೆಗೆ ಒಳಹೊಕ್ಕು, ಖಾಲಿ ಸ್ಥಳವನ್ನು ಹುಡುಕಿ, ಯಂತ್ರದ ಮುಂದಿನ ಸಾಲಿನಲ್ಲಿ ನಿಂತು, 10 ಗಂಟೆ 9 ನಿಮಿಷಕ್ಕೆ ಎರಡು ಗಂಟೆಯ ಟಿಕೆಟ್ಟನ್ನು ಪಡೆದಿರೆಂದು ಇಟ್ಟುಕೊಳ್ಳಿ. ಟಿಕೆಟ್ಟಿನ ಮೇಲೆ ಅಚ್ಚಾಗಿರುವ ಮುಕ್ತಾಯದ ವೇಳೆಯು 12 ಗಂಟೆ 9 ನಿಮಿಷ. ತಾವು ದ್ವಾರವನ್ನು ದಾಟಿದ್ದು 12 ಗಂಟೆ 17 ನಿಮಿಷಕ್ಕೆ. ಕಂಪನಿಯ ಕಾಗದವು, ಎರಡು ಗಂಟೆಗೆ ಹಣ ಕೊಟ್ಟು ಎರಡು ಗಂಟೆ 17 ನಿಮಿಷ ಇದ್ದಿರಿ, ಎಂದು ಗದರಿಸುತ್ತದೆ. ಟಿಕೆಟ್ಟಿನ ಪ್ರಕಾರವಾದರೋ ತಾವು ಮೀರಿದ್ದು 8 ನಿಮಿಷ, ಅದೂ ಹತ್ತರ ಒಳಗೆ. ಎಷ್ಟೋ ಜನ ಟಿಕೆಟ್ಟನ್ನು ಅಂದೇ ಹರಿದೆಸೆದು, ಈ ಸರಳವಾದ ಕಳೆಯುವ ಲೆಕ್ಕವನ್ನು ಮಾಡಲು ಆಧಾರವಿಲ್ಲದೆ, 60 ಪೌಂಡುಗಳನ್ನು ಕಳೆದುಕೊಳ್ಳುತ್ತಾರೆ. ಟಿಕೆಟ್ಟನ್ನಾಗಲಿ, ಮೊಬೈಲಿನಲ್ಲಿ ಹಣ ಕೊಟ್ಟದ್ದಾದರೆ ಅದರ ರಸೀದಿಯನ್ನಾಗಲಿ, ಎರಡು ತಿಂಗಳಾದರೂ ಇಟ್ಟುಕೊಂಡಿರುವುದು ಲೇಸು.

ಇನ್ನು ದಿನಾಂಕದ ವಿಷಯ. ಗಾಜಿನ ಮೇಲೆ ಚೀಟಿಯನ್ನು ಅಂಟಿಸದೆ ಕ್ಯಾಮೆರಾವನ್ನೇ ನಂಬಿದ ಕಂಪನಿಯು, ವಾಹನವು ಯಾರ ಹೆಸರಿನಲ್ಲಿದೆಯೋ ಅವರನ್ನು ಹೊಣೆಗಾರರನ್ನಾಗಿ ಮಾಡಬೇಕಾದರೆ, ನಿಲುಗಡೆಯು ಮುಗಿದ ಮರುದಿನದಿಂದ ಎಣಿಸಿ 14 ದಿನಗಳ ಒಳಗೆ ನೋಟೀಸನ್ನು ತಲುಪಿಸಿರಬೇಕು. ಅಂಚೆಗೆ ಹಾಕಿದ ಕಾಗದವು ಎರಡನೆಯ ಕೆಲಸದ ದಿನ ತಲುಪಿತೆಂದು ಶಾಸನವು ಊಹಿಸಿಕೊಳ್ಳುತ್ತದೆ. ಅವಧಿಯು ತಪ್ಪಿದರೆ ಹೊಣೆಯು ಚಾಲಕನ ಮೇಲೆ ಮಾತ್ರ ಉಳಿಯುತ್ತದೆ, ಮತ್ತು ಚಾಲಕನು ಯಾರೆಂದು ಖಾಸಗಿ ಕಂಪನಿಗೆ ತಿಳಿಸಬೇಕೆಂಬ ವಿಧಿಯು ತಮ್ಮ ಮೇಲಿಲ್ಲ. ಆದಕಾರಣ ಮೊದಲ ಉತ್ತರದಲ್ಲಿ, ನಾನು ನಿಲ್ಲಿಸಿದೆ, ನಾನು ತಡವಾಗಿ ಬಂದೆ, ಎಂದು ಬರೆಯುವ ಬದಲು, ಚಾಲಕರು ನಿಲ್ಲಿಸಿದರು, ಚಾಲಕರು ಮರಳಿದರು, ಎಂದು ಬರೆಯುವುದು ಯುಕ್ತ. ಇದು ಮೌನವೇ ಹೊರತು ಸುಳ್ಳಲ್ಲ. ತಾವೇ ನಡೆಸಿದ ವಾಹನವನ್ನು ಮೈಸೂರಿನಿಂದ ಬಂದು ಹೋದ ಭಾವನವರು ನಡೆಸಿದರೆಂದು ಬರೆಯಿರೆಂದು ಸಲಹೆ ಕೊಡುವ ಜಾಣರೂ ನಮ್ಮಲ್ಲಿ ಉಂಟು. ಅಂಥವರ ಮಾತಿಗೆ ಕಿವಿಗೊಡಬೇಡಿ. ಮೌನಕ್ಕೆ ಶಾಸನದ ರಕ್ಷಣೆಯಿದೆ. ನ್ಯಾಯಾಲಯದ ಮುಂದೆ ಸತ್ಯವೆಂದು ರುಜು ಹಾಕಿದ ಸುಳ್ಳಿಗೆ ಸೆರೆಮನೆಯೂ ದೂರವಲ್ಲ.

ಉತ್ತರವನ್ನು ಬರೆಯುವ ಕ್ರಮದಲ್ಲಿ ನಮ್ಮವರಿಗೆ ವಿಶೇಷವಾಗಿ ಹೇಳಬೇಕಾದ ಮಾತೊಂದಿದೆ. ವಿನಯವು ನಮ್ಮ ಸ್ವಭಾವವಾದ್ದರಿಂದ, ನಾವು ಅಪೀಲನ್ನು ಕ್ಷಮಾಯಾಚನೆಯಂತೆ ಬರೆಯುತ್ತೇವೆ: ಹದಿನೈದು ವರ್ಷಗಳಿಂದ ವಾಹನ ನಡೆಸುತ್ತಿದ್ದೇನೆ, ಹಿಂದೆಂದೂ ಹೀಗಾಗಿಲ್ಲ, ದಯವಿಟ್ಟು ಮನ್ನಿಸಬೇಕು, ಎಂದು. ಅದನ್ನು ಓದುವ ಗುಮಾಸ್ತನಿಗೆ ದಯೆ ತೋರುವ ಅಧಿಕಾರವಿರುವುದು ವಿರಳ. ಅವನು ಹುಡುಕುವುದು ಅಂಕೆಗಳನ್ನೂ ಆಧಾರಗಳನ್ನೂ. ಟಿಕೆಟ್ಟಿನ ಚಿತ್ರ, ಆಸ್ಪತ್ರೆಯವರು ಕೊಟ್ಟ ಸಮಯದ ಪತ್ರ, ನಿರ್ಗಮನದ ಸಾಲಿನಲ್ಲಿ ಸಿಕ್ಕಿಕೊಂಡದ್ದಕ್ಕೆ ಸಾಕ್ಷಿ, ಕತ್ತಲೆಯಲ್ಲಿ ಓದಲಾಗದ ಫಲಕದ ಛಾಯಾಚಿತ್ರ: ಇವು ನಾಲ್ಕು ಪುಟದ ಪ್ರಾರ್ಥನೆಗಿಂತ ಬಲವುಳ್ಳವು. ವೃದ್ಧಾಪ್ಯದಿಂದಲೋ ಅಂಗವೈಕಲ್ಯದಿಂದಲೋ ನಡಿಗೆಯು ನಿಧಾನವಾಗಿರುವವರು ಜೊತೆಯಲ್ಲಿದ್ದರೆ ಅದನ್ನು ಸಂಕೋಚವಿಲ್ಲದೆ ಬರೆಯತಕ್ಕದ್ದು. ಅಂಗವಿಕಲರಿಗೆ ತಕ್ಕ ಅನುಕೂಲವನ್ನು ಮಾಡಿಕೊಡಬೇಕೆಂಬ 2010ರ ಸಮಾನತಾ ಶಾಸನದ ಕಟ್ಟಳೆಯು ಈ ಕಂಪನಿಗಳಿಗೂ ಅನ್ವಯಿಸುತ್ತದೆ. ಇದರ ಜೊತೆಗೆ, ಯಾವ ಅಂಗಡಿಗೆ ಹೋಗಿದ್ದಿರೋ ಆ ಅಂಗಡಿಯ ಮ್ಯಾನೇಜರಿಗೆ, ಯಾವ ಆಸ್ಪತ್ರೆಗೆ ಹೋಗಿದ್ದಿರೋ ಅದರ ದೂರುಗಳ ವಿಭಾಗಕ್ಕೆ, ಖರೀದಿಯ ರಸೀದಿಯೊಡನೆಯೋ ಚೀಟಿಯೊಡನೆಯೋ ಒಂದು ಪತ್ರವನ್ನು ಬರೆಯಿರಿ. ನೆಲದವರು ಒಂದು ಮಾತು ಹೇಳಿದರೆ ಕಂಪನಿಯವರು ಸದ್ದಿಲ್ಲದೆ ರದ್ದು ಮಾಡುವುದುಂಟು; ಈ ದಾರಿಯನ್ನು ಹಿಡಿಯುವವರು ಏಕೆ ಇಷ್ಟು ಕಡಮೆಯೋ ನನಗೆ ಅರ್ಥವಾಗದು.

ಕಂಪನಿಯು ಅಪೀಲನ್ನು ತಿರಸ್ಕರಿಸಿದರೆ ಅದು ಸೇರಿರುವ ಸಂಘಕ್ಕೆ ತಕ್ಕಂತೆ ಪಾಪ್ಲಾ ಎಂಬ ಪೀಠಕ್ಕೋ ಐಎಎಸ್ ಎಂಬ ಪೀಠಕ್ಕೋ ಹೋಗುವ ಮಾರ್ಗವನ್ನು ಅದೇ ಪತ್ರದಲ್ಲಿ ತಿಳಿಸಿರುತ್ತದೆ. ಪಾಪ್ಲಾಕ್ಕೆ ಹೋಗಲು 28 ದಿನಗಳ ಅವಧಿಯುಂಟು, ಶುಲ್ಕವಿಲ್ಲ. ಅದರ ನಿರ್ಣಯವು ಕಂಪನಿಯನ್ನು ಕಟ್ಟಿಹಾಕುತ್ತದೆ, ತಮ್ಮನ್ನು ಕಟ್ಟಿಹಾಕದು. ಆದರೆ ಅಲ್ಲಿಗೆ ಹೋದವರು ಇಳಿಸಿದ ಮೊತ್ತವನ್ನು ಕಟ್ಟುವ ಅವಕಾಶವನ್ನು ಸಾಮಾನ್ಯವಾಗಿ ಕಳೆದುಕೊಳ್ಳುತ್ತಾರೆ. ಆದ್ದರಿಂದಲೇ ಲೆಕ್ಕವನ್ನು ಪ್ರಾಮಾಣಿಕವಾಗಿ ಮಾಡಬೇಕು. ಟಿಕೆಟ್ಟು 12 ಗಂಟೆಗೆ ಮುಗಿದು, ತಾವು ಸಿನಿಮಾ ನೋಡಿಕೊಂಡು 1 ಗಂಟೆಗೆ ಮರಳಿ, ಫಲಕಗಳು ಢಾಳಾಗಿದ್ದು, ನೋಟೀಸು ಕಾಲಕ್ಕೆ ಸರಿಯಾಗಿ ಬಂದಿದ್ದರೆ, 60 ಪೌಂಡುಗಳನ್ನು ಕಟ್ಟಿ ಆ ಕಾಗದವನ್ನು ಮರೆಯುವುದು ಸೋಲಲ್ಲ. ಕೊಟ್ಟ ಮಾತನ್ನು ಮೀರಿದ್ದಕ್ಕೆ ಬೆಲೆ. ಗೆಲ್ಲಲಾರದ ವಾದವನ್ನು ಛಲಕ್ಕಾಗಿ ಹಿಡಿದವರು 60ನ್ನು ಕೊಡಲೊಲ್ಲದೆ ಇನ್ನೂರನ್ನು ಕೊಟ್ಟಾರು.

ಮೊತ್ತವು ಹೇಗೆ ಬೆಳೆಯುತ್ತದೆಂದರೆ: ಉತ್ತರ ಬಾರದಿದ್ದಲ್ಲಿ ಸಾಲ ವಸೂಲಿಯವರು 70 ಪೌಂಡುಗಳನ್ನು ಮೇಲೆ ಸೇರಿಸಿ, ಕೆಂಪು ಅಕ್ಷರಗಳಲ್ಲಿ ಪತ್ರಗಳನ್ನು ಕಳುಹಿಸತೊಡಗುತ್ತಾರೆ. ಅವರು ಜಪ್ತಿಯವರಲ್ಲ, ಖಾಸಗಿ ಪಾರ್ಕಿಂಗಿನ ಸಾಲಕ್ಕಾಗಿ ನ್ಯಾಯಾಲಯದ ತೀರ್ಪಿಲ್ಲದೆ ಬಾಗಿಲನ್ನು ತಟ್ಟಿ ವಸ್ತುವನ್ನು ಎತ್ತಿಕೊಂಡು ಹೋಗುವ ಅಧಿಕಾರವು ಯಾರಿಗೂ ಇಲ್ಲ. ವಾಹನದ ನೋಂದಣಿಯ ಕಾರಣದಿಂದಲೇ ಹೊಣೆಗಾರರಾದವರಿಂದ ಮೂಲ ನೋಟೀಸಿನಲ್ಲಿ ಹೇಳಿದ್ದಕ್ಕಿಂತ ಹೆಚ್ಚಿನ ಮೊತ್ತವನ್ನು ಕೇಳಲು 2012ರ ಶಾಸನವು ಅವಕಾಶ ಕೊಟ್ಟಿಲ್ಲ. ಈ ಮಧ್ಯದ ಪತ್ರಗಳಿಗೆ ನಡುಗಬೇಕಾದ್ದಿಲ್ಲ. ಆದರೆ ದಾವೆ ಹೂಡುವ ಮುನ್ನ ಕಳುಹಿಸುವ ಪತ್ರವೊಂದು ಬರುತ್ತದೆ. ಅದಕ್ಕೆ 30 ದಿನಗಳ ಒಳಗೆ ಉತ್ತರ ಹೋಗಬೇಕು. ಅನಂತರ ಕೌಂಟಿ ಕೋರ್ಟಿನ ಅರ್ಜಿಯೇ ಬಂದರೆ, 14 ದಿನಗಳಲ್ಲಿ ತಲುಪಿತೆಂದು ತಿಳಿಸಿ, ಒಟ್ಟು 28 ದಿನಗಳಲ್ಲಿ ಪ್ರತಿವಾದವನ್ನು ಸಲ್ಲಿಸಬೇಕು. ದಾವೆ ಹೂಡುವುದಕ್ಕೆ ಕಂಪನಿಗೆ ಆರು ವರ್ಷಗಳ ಕಾಲಾವಕಾಶವಿದೆಯೆಂಬುದನ್ನು ಬುಟ್ಟಿಯ ಪಂಥದವರು ಗಮನಿಸಬೇಕು. ಸುಮ್ಮನಿದ್ದವರ ಮೇಲೆ ತೀರ್ಪು ತಾನಾಗಿ ಬೀಳುತ್ತದೆ. ಒಂದು ತಿಂಗಳಲ್ಲಿ ಹಣವನ್ನು ಕಟ್ಟಿದರೆ ಅದು ದಾಖಲೆಯಿಂದ ಅಳಿಯುತ್ತದೆ, ಇಲ್ಲವಾದರೆ ಆರು ವರ್ಷ ಉಳಿದು, ಮನೆಸಾಲವನ್ನು ಕೇಳಲು ಹೋದಾಗ ಎದುರಾಗುತ್ತದೆ. ವೀಸಾದ ಭಯವುಳ್ಳವರಿಗೂ ಇಲ್ಲೇ ಉತ್ತರವಿದೆ: ನೋಟೀಸು ಬಂದದ್ದರಿಂದ ಯಾರ ವೀಸಾಕ್ಕೂ ಕುಂದಿಲ್ಲ, ಪೌರತ್ವದ ಅರ್ಜಿಯಲ್ಲಿ ಕೇಳುವುದು ನ್ಯಾಯಾಲಯದ ಸಿವಿಲ್ ತೀರ್ಪುಗಳನ್ನು.

ಈ ತೀರ್ಪುಗಳಲ್ಲಿ ಅತ್ಯಂತ ಶೋಚನೀಯವಾದವು, ಮೊಕದ್ದಮೆಯು ನಡೆಯಿತೆಂಬುದೇ ತಿಳಿಯದವರ ಮೇಲೆ ಬಿದ್ದವು. ನಮ್ಮ ತರುಣ ವೈದ್ಯರು ತರಬೇತಿಯ ಕಾಲದಲ್ಲಿ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ, ಒಂದು ಬಾಡಿಗೆಮನೆಯಿಂದ ಇನ್ನೊಂದಕ್ಕೆ ಸುತ್ತುತ್ತಲೇ ಇರುವವರು. ವಾಹನದ ನೋಂದಣಿಪತ್ರದಲ್ಲಿ ವಿಳಾಸವು ಹಳೆಯದೇ ಉಳಿದಿರುತ್ತದೆ. ಕಂಪನಿಯು ಹಳೆಯ ಮನೆಗೆ ಬರೆಯುತ್ತದೆ, ನ್ಯಾಯಾಲಯವೂ ಅಲ್ಲಿಗೇ ಬರೆಯುತ್ತದೆ, ಅಲ್ಲಿರುವ ಹೊಸ ಬಾಡಿಗೆದಾರರು ಕಾಗದಗಳನ್ನು ಮೂಲೆಗೆ ಸೇರಿಸುತ್ತಾರೆ. ವಿಳಾಸವನ್ನು ತಿದ್ದಿಸದಿರುವುದಕ್ಕೆ 1000 ಪೌಂಡುಗಳವರೆಗೆ ದಂಡ ವಿಧಿಸಬಹುದೆಂಬುದೂ ನೆನಪಿರಲಿ. ಇದು ನಿಜವಾದ ದಂಡ. ತಿದ್ದಿಸುವುದಕ್ಕೆ ಶುಲ್ಕವೇನೂ ಇಲ್ಲ.

ಸ್ಕಾಟ್‌ಲೆಂಡಿನಲ್ಲಿಯೂ ಉತ್ತರ ಐರ್ಲೆಂಡಿನಲ್ಲಿಯೂ ಇರುವ ಬಂಧುಗಳು ಮೇಲಿನ ನಾಲ್ಕನೆಯ ಅನುಬಂಧದ ಮಾತನ್ನು ತಮಗೆ ಹೇಳಿದ್ದೆಂದು ತಿಳಿಯಬಾರದು. ಅದರ ವ್ಯಾಪ್ತಿಯು ಇಂಗ್ಲೆಂಡ್ ಮತ್ತು ವೇಲ್ಸು ಮಾತ್ರ.

ಕಡೆಯದಾಗಿ ನಮ್ಮ ಸಂಘಸಂಸ್ಥೆಗಳ ಕಾರ್ಯದರ್ಶಿಗಳಲ್ಲಿ ಒಂದು ಪ್ರಾರ್ಥನೆ. ಸಮಾರಂಭಕ್ಕಾಗಿ ಶಾಲೆಯ ಸಭಾಂಗಣವನ್ನೋ ಕ್ರೀಡಾಕೇಂದ್ರವನ್ನೋ ಬಾಡಿಗೆಗೆ ಹಿಡಿಯುವಾಗ, ಅಡುಗೆಮನೆಯನ್ನೂ ಧ್ವನಿವರ್ಧಕವನ್ನೂ ವಿಚಾರಿಸುವಂತೆಯೇ, ಅಲ್ಲಿನ ಕಾರ್ ಪಾರ್ಕನ್ನು ಯಾವ ಕಂಪನಿಯು ನೋಡಿಕೊಳ್ಳುತ್ತದೆ, ಎಷ್ಟು ಗಂಟೆಯ ಮಿತಿಯಿದೆ, ವಾಹನದ ಸಂಖ್ಯೆಯನ್ನು ಒಳಗಿನ ಪರದೆಯ ಮೇಲೆ ದಾಖಲಿಸಬೇಕೇ, ಎಂಬುದನ್ನೂ ವಿಚಾರಿಸಿ, ಅನುಮತಿಯನ್ನು ಬರಹದಲ್ಲಿ ಪಡೆದುಕೊಳ್ಳಿರಿ. ನಮ್ಮ ಕಾರ್ಯಕ್ರಮಗಳು ಮುದ್ರಿತ ವೇಳೆಗೆ ಮುಗಿಯುವುದಿಲ್ಲವೆಂಬುದು ನಮಗೆ ತಿಳಿದಿದೆ, ಕ್ಯಾಮೆರಾಕ್ಕೆ ತಿಳಿಯದು. ಅನುಮತಿಯನ್ನು ಕೇಳುವಾಗ ಒಂದೂವರೆ ಗಂಟೆಯನ್ನು ಹೆಚ್ಚಾಗಿಯೇ ಕೇಳಿರಿ.

ಇತಿ,
ತಮ್ಮ ವಿಶ್ವಾಸಿ,
ತಮ್ಮಲ್ಲೊಬ್ಬ